ಸೈಕಲ್ ಟ್ರಾಲಿಗೆ ನಾನು ಹಾಕಿಕೊಟ್ಟ ಬ್ರೇಕು

ನನ್ನ ಫೋನು ಎಂದೂ ನೂರಕ್ಕೆ ನೂರು ಚಾರ್ಜ್ ಆಗುವುದಿಲ್ಲ. ಆಗಲು ನಾನು ಬಿಡುವುದಿಲ್ಲ. ಎಂಬತ್ತೋ ಎಂಬತ್ತೈದೋ ಕಂಡ ಕೂಡಲೇ ಎದ್ದು ಹೋಗಿ ವೈರು ಕಿತ್ತುಬಿಡುತ್ತೇನೆ. ಒಲೆಯ ಮೇಲೆ ಹಾಲಿಟ್ಟವರು ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದರೂ ಒಂದು ಕಿವಿಯನ್ನು ಅಡುಗೆಮನೆಯಲ್ಲಿ ಬಿಟ್ಟು ಬಂದಿರುತ್ತಾರಲ್ಲ, ಹಾಗೆ ನನ್ನ ಒಂದು ಕಣ್ಣು ಆ ಪುಟ್ಟ ಅಂಕಿಯ ಮೇಲೆ ಇರುತ್ತದೆ. ಕಾರವಾರದಿಂದ ಆಗಾಗ ಬಂದು ಹೋಗುವ ಅಣ್ಣನ ಮಗಳು ಪ್ರತಿಭಾ ಇದನ್ನು ನೋಡಿ ನಗುತ್ತಾಳೆ. "ಬ್ಯಾಟರಿ ಬಾಳಿಕೆ ಬರಲಿ ಅಂತ ಎಷ್ಟು ಶಿಸ್ತು ಅತ್ತೆ ನಿಂದು! ಸುಮ್ಮನೆ ಮೂವತ್ತು ವರ್ಷ ಪಾಠ ಹೇಳಿದ್ದಲ್ಲ ನೀನು" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಹೊಗಳಿಕೆ ಪುಕ್ಕಟೆ ಬಂದಾಗ ಬೇಡವೆನ್ನುವಷ್ಟು ದೊಡ್ಡವಳು ನಾನಲ್ಲ. ನಿಜ ಏನೆಂದರೆ, ತುಂಬಿದ ಬ್ಯಾಟರಿಯನ್ನು ಕಂಡರೆ ನನಗೆ ಹೆದರಿಕೆ. ಯಾಕೆ ಎಂದು ಅವಳಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಕಾರವಾರದ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ವಿದ್ಯುತ್ ವಿಭಾಗದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಸೀರೆಯ ಸೆರಗು ಸಿಕ್ಕಿಸಿಕೊಂಡು, ಸೊಂಟದಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವ ಅಕ್ಕೋರು ಎಂದು ನನಗೆ ಸಣ್ಣ ಹೆಸರೂ ಇತ್ತು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಶಾಲೆಯಲ್ಲಿ ಮಗ್ಗಿ ಕಲಿಸಿದರೂ ಅಕ್ಕೋರು, ಮೋಟಾರಿನ ಹೊಟ್ಟೆ ಬಿಚ್ಚಿ ತೋರಿಸಿದರೂ ಅಕ್ಕೋರು. ನಿವೃತ್ತಿಯಾದ ಮೇಲೆ ಅಂಕೋಲೆಗೆ ಬಂದು ನೆಲೆಸಿದೆ. ಒಬ್ಬಳೇ ಇರುವವಳು, ಕೈ ಸುಮ್ಮನಿರುವುದಿಲ್ಲ. ಓಣಿಯ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆಗಳೆಲ್ಲ ನಮ್ಮ ಮನೆಯ ಹಿಂದಿನ ಜಗುಲಿಯ ದಾರಿ ಹಿಡಿದವು.

ಆ ಜಗುಲಿಗೆ ದಿನವೂ ಬರುತ್ತಿದ್ದವಳು ಗುಲಾಬಿ. ಬೆಳಂಬಾರದ ದಂಡೆಯಲ್ಲಿ ಮೀನು ತೆಗೆದುಕೊಂಡು ಅಂಕೋಲೆಯ ಮನೆಮನೆಗೆ ಮಾರುವವಳು. ಬುಟ್ಟಿ ಇಳಿಸುವ ಮೊದಲೇ ಓಣಿಯ ತುದಿಯಿಂದ ಅವಳ ದನಿ ಬರುತ್ತಿತ್ತು: "ಬಂಗಡೆ ಅದೆ, ಶೆಟ್ಲಿ ಅದೆ, ಬರ್ರಾ!" ನಾನು ಇದು ಬೇಕು ಎಂದು ಬೆರಳು ತೋರಿಸಿದರೆ ಅವಳು ಅದನ್ನು ಬದಿಗೆ ಸರಿಸಿ ತನಗೆ ಸರಿ ಕಂಡದ್ದನ್ನು ಎತ್ತಿಡುವಳು. "ನಿಮ್ಗೆ ಕರೆಂಟ್ ಗೊತ್ತು, ಮೀನು ಗೊತ್ತಿಲ್ಲ, ಸುಮ್ಗಿರಿ" ಎಂದು ಬೈಯುವಳು. ಆಮೇಲೆ ಕತ್ತಿಯ ಮಣೆಯ ಮೇಲೆ ಕಾಲಿಟ್ಟು ಕೂತು, ಮಾತಾಡುತ್ತಲೇ, ನೋಡದೆಯೇ, ಮೈಮೇಲಿನ ಹೊಳಕು ಕೆರೆದು, ಹೊಟ್ಟೆ ತೆಗೆದು, ತುಂಡು ಮಾಡಿ ಕೊಡುವಳು. ಅವಳ ಬಲಗೈ ಮಣಿಕಟ್ಟು ತಿರುಗುವುದನ್ನು ನೋಡುತ್ತ ನಾನು ಎಷ್ಟೋ ಸಲ ಚಹಾ ಆರಿಸಿಕೊಂಡಿದ್ದೇನೆ. ಅವಳಲ್ಲಿ ಮೀನು ಕೊಳ್ಳುವ ಮನೆಗಳು ಹೆಚ್ಚಾಗಿ ಆ ಕೈಗೇ ಒಲಿದವು. ಮೀನು ಎಲ್ಲಿಯೂ ಸಿಗುತ್ತದೆ, ಹಾಗೆ ಹೆಚ್ಚಿ ಕೊಡುವವರು ಸಿಗುವುದಿಲ್ಲ.

ಅವಳ ಮೊಣಕಾಲು ಕೈಕೊಟ್ಟದ್ದು ನಿಧಾನವಾಗಿ. ಮೊದಲು ಓಣಿಯ ಎರಡು ಮನೆ ಬಿಟ್ಟಳು, ಆಮೇಲೆ ಒಂದು ಓಣಿಯನ್ನೇ ಬಿಟ್ಟಳು. ಆಗ ಅವಳ ಗಂಡ ಬೊಮ್ಮಯ್ಯ ಒಂದು ಉಪಾಯ ಮಾಡಿದ. ಅವನು ದೋಣಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಲೆ ಎಳೆದು ಎಳೆದು ಭುಜದಲ್ಲಿ ನೋವು ಕಾಯಮ್ಮಾಗಿ ಕೂತಿತ್ತು. ಕಬ್ಬಿಣದ ಪೈಪು ತಂದು ವೆಲ್ಡಿಂಗ್ ಮಾಡಿಸಿ, ಎರಡು ಹಳೆಯ ಸೈಕಲ್ ಚಕ್ರ ಹಾಕಿ, ಮೇಲೆ ಹಲಗೆ ಬಡಿದು ಒಂದು ಟ್ರಾಲಿ ಮಾಡಿ ಅದನ್ನು ತನ್ನ ಸೈಕಲ್ಲಿನ ಹಿಂದೆ ಕಟ್ಟಿದ. ಹಲಗೆಯ ಮೇಲೆ ಮೀನಿನ ಬುಟ್ಟಿ, ಬುಟ್ಟಿಯ ಪಕ್ಕ ಹಿಮ್ಮುಖವಾಗಿ ಕಾಲು ಚಾಚಿ ಕೂತ ಗುಲಾಬಿ. ಮೊದಲ ದಿನ ಓಣಿಯವರೆಲ್ಲ ನಕ್ಕರು. ಅವಳೂ ನಕ್ಕಳು. "ನಲವತ್ತು ವರ್ಷ ನಾ ಮೀನ್ ಹೊತ್ತೆ. ಈಗ ಇವ್ರು ನನ್ನ ಹೊರ್ಲಿ" ಎಂದಳು. ಬೊಮ್ಮಯ್ಯ ಹೆಚ್ಚು ಮಾತಿನವನಲ್ಲ. ಬೆವರು ಒರೆಸಿಕೊಂಡು ಸೈಕಲ್ಲಿನ ಗಂಟೆ ಒಮ್ಮೆ ಬಾರಿಸಿದ.

ಅವರ ಮನೆ ಭಾವಿಕೇರಿಯ ಅಂಚಿನಲ್ಲಿ, ಚೀರೆಕಲ್ಲಿನ ದಿಣ್ಣೆಯ ಮೇಲೆ. ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಬೆಳಂಬಾರದ ಕಡೆಗೆ ಇಳಿಜಾರು. ಮೀನು ತುಂಬಿಕೊಂಡು ವಾಪಸು ಅದೇ ದಿಣ್ಣೆ ಹತ್ತಿ ಅಂಕೋಲೆಗೆ ಬರಬೇಕು. ಒಂದು ದಿನ ಬಂಗಡೆ ಹೆಚ್ಚುತ್ತ ಗುಲಾಬಿ ಅಂದಳು:

"ಏರೂದು ತ್ರಾಸಾದ್ರೂ ಅಡ್ಡಿಲ್ಲ ಅಕ್ಕೋರೆ, ಇಳೂದೇ ಹೆದ್ರಿಕೆ. ಟ್ರಾಲಿ ಹಿಂದಿಂದ ಸೈಕಲ್ಲಿಗೆ ಗುದ್ತದೆ. ಇವ್ರು ಎರಡೂ ಕಾಲು ನೆಲಕ್ಕೆ ಊರಿ ಎಳ್ಕಂಡು ಹೋಗ್ತ್ರು. ನಾ ಕಣ್ಣು ಮುಚ್ಕಂಡು ಕೂತಿರ್ತೆ."

ಕಾಲು ಊರುವುದು ಎಂದಾಗ ನನಗೆ ಅಪ್ಪನ ನೆನಪಾಯಿತು. ನಾನು ಹುಟ್ಟಿದ್ದು ಅರ್ಗಾದಲ್ಲಿ. ಅಪ್ಪ ವೈರಿಂಗ್ ಕೆಲಸ ಮಾಡುತ್ತಿದ್ದರು. ಅವರ ಸೈಕಲ್ಲಿಗೆ ಬ್ರೇಕು ಇದ್ದುದನ್ನು ನಾನು ಕಂಡಿಲ್ಲ. ಮುಂದಿನ ದಂಡಿಗೆಯ ಮೇಲೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಂಡು ಬಿಣಗಾ ಕಡೆಯ ಇಳಿಜಾರಿನಲ್ಲಿ ಬರುವಾಗ ಅಪ್ಪ ಬಲಗಾಲನ್ನು ಎತ್ತಿ ಚಪ್ಪಲಿಯ ಅಟ್ಟೆಯನ್ನು ಮುಂದಿನ ಟೈರಿಗೆ ಒತ್ತುತ್ತಿದ್ದರು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಂದರೆ ಮನೆ ಹತ್ತಿರ ಬಂತು ಎಂದು ಅರ್ಥ. ಅವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ತೆಳ್ಳಗೆ. ಅಮ್ಮ ಅಂಗಳದಲ್ಲಿ ಬಿಟ್ಟ ಆ ಜೋಡಿಯನ್ನು ನೋಡಿ "ಇವು ಎರಡೂ ಒಂದೇ ಮನುಷ್ಯನದು ಅಂತ ಯಾರು ನಂಬ್ತಾರೆ" ಎನ್ನುತ್ತಿದ್ದಳು. ಆ ಮನೆ, ಆ ಅಂಗಳ ಎರಡೂ ಈಗ ಇಲ್ಲ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದು ಬಂದವರಲ್ಲಿ ನಾವೂ ಸೇರಿದ್ದೆವು. ಆದರೆ ಅಪ್ಪನ ಚಪ್ಪಲಿಯ ಬ್ರೇಕು ಒಂದು ದಿನವೂ ನನ್ನನ್ನು ಬೀಳಿಸಲಿಲ್ಲ. ಈ ಮಾತನ್ನು ನಾನು ಆವತ್ತು ಇನ್ನೂ ಸ್ವಲ್ಪ ಹೊತ್ತು ಯೋಚಿಸಬೇಕಿತ್ತು.

ಯೋಚಿಸಲಿಲ್ಲ. "ಬ್ರೇಕು ತಾನೆ? ನಾನು ಮಾಡಿಕೊಡ್ತೇನೆ" ಎಂದೆ.

ಬೊಮ್ಮಯ್ಯ ಗೇಟಿನ ಹತ್ತಿರ ನಿಂತಿದ್ದವನು ಒಳಗೆ ಬಂದ. "ಒಂದು ತಂತಿ ಎಳೆದು ಟ್ರಾಲಿ ಚಕ್ರಕ್ಕೂ ರಬ್ಬರ್ ಬ್ರೇಕ್ ಹಾಕ್ಸಿದ್ರೆ ಸಾಕಲ್ರಾ? ಸೈಕಲ್ ಅಂಗಡಿಯಂವ ಹಂಗೇ ಹೇಳ್ತಿದ್ದ."

ನಾನು ನಕ್ಕೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ ಮಾಸ್ತರು ನಗುತ್ತಾರಲ್ಲ, ಆ ನಗೆ. ರಬ್ಬರು ಸವೆಯುತ್ತದೆ, ಮಳೆಯಲ್ಲಿ ಜಾರುತ್ತದೆ ಎಂದು ಪಾಠ ಶುರು ಮಾಡಿದೆ. ಕಾರವಾರದ ಗುಜರಿಯಿಂದ ಎಂದೋ ತಂದಿಟ್ಟ ಎರಡು ಮೋಟಾರು ಚಕ್ರಗಳು ನನ್ನ ಅಟ್ಟದಲ್ಲಿದ್ದವು. ಮುರಿದ ಬ್ಯಾಟರಿ ಸೈಕಲ್ಲುಗಳವು, ಚಕ್ರದ ನಡುವೆಯೇ ಮೋಟಾರು ಕೂತಿರುವಂಥವು. ಅದರಲ್ಲಿ ಒಂದನ್ನು ಇಳಿಸಿ ತಂದು ಗುಲಾಬಿಯ ಕೈಗೆ ಕೊಟ್ಟೆ. "ತಿರುಗಿಸು" ಎಂದೆ. ಸಲೀಸಾಗಿ ತಿರುಗಿತು. ಅದರ ವೈರುಗಳ ತುದಿಗಳನ್ನು ಒಂದಕ್ಕೊಂದು ಜೋಡಿಸಿ "ಈಗ ತಿರುಗಿಸು" ಎಂದೆ. ಚಕ್ರ ಕೆಸರಿನಲ್ಲಿ ಹೂತ ಹಾಗೆ ಬಿಗಿಯಾಯಿತು.

"ಇದೆಂತಾ ಇದು! ಒಳಗೆ ಯಾರಾರೂ ಹಿಡ್ಕಂಡಿದ್ರಾ?" ಎಂದು ಗುಲಾಬಿ ಕೈ ಹಿಂದೆಗೆದಳು.

ಮೋಟಾರಿಗೆ ಕರೆಂಟು ಕೊಟ್ಟರೆ ಅದು ಚಕ್ರ ತಿರುಗಿಸುತ್ತದೆ. ಚಕ್ರವೇ ಮೋಟಾರನ್ನು ತಿರುಗಿಸಿದರೆ ಅದು ಕರೆಂಟು ಹುಟ್ಟಿಸುತ್ತದೆ, ಹುಟ್ಟಿಸುವ ಶ್ರಮಕ್ಕೆ ಚಕ್ರ ಭಾರವಾಗುತ್ತದೆ, ವೇಗ ತಗ್ಗುತ್ತದೆ. ಹುಟ್ಟಿದ ಕರೆಂಟು ವಾಪಸು ಬ್ಯಾಟರಿಗೆ ಹೋಗುತ್ತದೆ. ಇಳಿಯುವಾಗ ಬ್ರೇಕು, ಏರುವಾಗ ಅದೇ ಮೋಟಾರು ತಳ್ಳುತ್ತದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನಗೇ ನನ್ನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಬೊಮ್ಮಯ್ಯ ತಂತಿಯ ಮಾತು ಮತ್ತೆ ಎತ್ತಲಿಲ್ಲ. ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಟ್ರಾಲಿಯ ಎರಡೂ ಬದಿಗೆ ಮೋಟಾರು ಚಕ್ರ ಹಾಕಿದೆ. ಹಲಗೆಯ ಕೆಳಗೆ ಬ್ಯಾಟರಿ, ಸೈಕಲ್ಲಿನ ಹಿಡಿಯಲ್ಲಿ ಒತ್ತಿದರೆ ಬ್ರೇಕು ಹಿಡಿಯುವ ಒಂದು ಹಿಡಿಕೆ, ಏರಿಗೆ ಒಂದು ಗುಂಡಿ. ಮರಳಿನ ಚೀಲಗಳನ್ನು ಹೇರಿ, ಬೊಮ್ಮಯ್ಯನ ಕೈಯಲ್ಲಿ ಹತ್ತಾರು ಸಲ ಇಳಿಸಿ ನೋಡಿದೆ. ಗಟ್ಟಿಯಾಗಿ ಹಿಡಿಯಿತು. ಮೊದಲ ಸಲ ಗುಲಾಬಿ ಕೂತು ಇಳಿದ ದಿನ ಕೆಳಗೆ ನಿಂತಿದ್ದ ನನ್ನ ಮುಂದೆ ಟ್ರಾಲಿ ಬಂದು ನಿಂತಾಗ ಅವಳು ತಿರುಗಿ ನೋಡಿ "ಬಂತಾ ಆಗ್ಲೆ? ಕಣ್ಣೇ ಮುಚ್ಲಿಲ್ಲ ನಾನು" ಎಂದಳು. ಜೀವಮಾನದಲ್ಲಿ ನನಗೆ ಸಿಕ್ಕ ಪ್ರಮಾಣಪತ್ರಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಉಪ್ಪುಗಾಳಿಯ ಊರು, ವೈರಿನ ತುದಿಗಳನ್ನು ದಿನಾ ಒಣ ಬಟ್ಟೆಯಿಂದ ಒರೆಸಬೇಕು ಎಂದು ಬೊಮ್ಮಯ್ಯನಿಗೆ ಹೇಳಿದೆ. ಹೂಂ ಎಂದ.

ಏಳೆಂಟು ತಿಂಗಳು ಎಲ್ಲ ಸರಿಯಿತ್ತು. ಗುಲಾಬಿ ಬಿಟ್ಟಿದ್ದ ಓಣಿಗಳಿಗೆಲ್ಲ ಮತ್ತೆ ಹೋದಳು. ನಾನು ದಿಣ್ಣೆಯ ಕಡೆ ಹೋಗುವುದನ್ನೇ ನಿಲ್ಲಿಸಿದೆ. ಮಾಡಿದ್ದು ಕೆಲಸ ಮಾಡುತ್ತಿದ್ದರೆ ಅದನ್ನು ಹೋಗಿ ನೋಡುವುದು ನಮ್ಮ ಜನಕ್ಕೆ ರೂಢಿಯಿಲ್ಲ, ನನಗಂತೂ ಇಲ್ಲ.

ಒಂದು ಸಂಜೆ ಬೊಮ್ಮಯ್ಯ ಫೋನು ಮಾಡಿದ. ನಾನು ಹಪ್ಪಳ ಕರಿಯುತ್ತಿದ್ದೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದೆ.

"ಅಕ್ಕೋರೆ, ಮೀನು ಹೇರ್ಕಂಡು ಬರ್ಬೇಕಾದ್ರೆ ಅರ್ಧ ದಿಣ್ಣೆಗೇ ಮೋಟಾರು ಸುಸ್ತಾಗ್ತದೆ. ಮೊದ್ಲು ಹಂಗಿರ್ಲಿಲ್ಲ."

"ಚಾರ್ಜ್ ಎಷ್ಟು ಹೊತ್ತು ಇಡ್ತೀಯ?"

"ಮಧ್ಯಾಹ್ನ ಒಂದು ತಾಸು, ಒಂದೂವರೆ ತಾಸು. ನಾವು ಮಲಗಿದಾಗ ಇಡೂಕೆ ಅವ್ಳು ಬಿಡೂದಿಲ್ಲ. ಬೆಂಕಿ ಹತ್ತಿದ್ರೆ ಅಂತಾಳೆ."

"ಬೆಂಕಿಯೂ ಇಲ್ಲ ಏನೂ ಇಲ್ಲ. ಅವಳಿಗೆ ಹೇಳು, ಅಕ್ಕೋರು ಹೇಳಿದಾರೆ ಅಂತ. ಇವತ್ತು ಪೂರ್ತಿ ಇಡು. ಹಸಿರು ದೀಪ ಬರೂವರೆಗೆ ತೆಗೀಬೇಡ" ಎಂದೆ. ಬಾಣಲೆಯಲ್ಲಿ ಹಪ್ಪಳ ಕಂದಾಗುತ್ತಿತ್ತು. ಫೋನು ಇಟ್ಟೆ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಮೌಖಿಕ ಪರೀಕ್ಷೆಗೆ ಬಂದ ಮಕ್ಕಳಿಗೆ ನಾನು ವರ್ಷ ವರ್ಷ ಕೇಳುತ್ತಿದ್ದ ಒಂದು ಪ್ರಶ್ನೆಯಿತ್ತು. ಮೋಟಾರು ಬ್ರೇಕಿನ ಬಗ್ಗೆ ಅವರು ಗಡಗಡ ಒಪ್ಪಿಸಿ ಮುಗಿಸಿದ ಮೇಲೆ ಕೇಳುತ್ತಿದ್ದೆ: "ಬ್ಯಾಟರಿ ಮೊದಲೇ ತುಂಬಿದ್ದರೆ?" ಹೆಚ್ಚಿನವರು ಸೂರು ನೋಡುತ್ತಿದ್ದರು. ತುಂಬಿದ ಬ್ಯಾಟರಿ ಇನ್ನಷ್ಟು ಕರೆಂಟು ತೆಗೆದುಕೊಳ್ಳುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತದೆ. ಕರೆಂಟಿಗೆ ಹೋಗಲು ಜಾಗವಿಲ್ಲದಿದ್ದರೆ ಬ್ರೇಕೂ ಇಲ್ಲ. ಆದ್ದರಿಂದ ಆ ಕರೆಂಟನ್ನು ಸುಟ್ಟು ಕಳೆಯಲು ಬೇರೊಂದು ತಂತಿಯ ಸುರುಳಿ ಇಟ್ಟಿರಬೇಕು. ಈ ಉತ್ತರ ಹೇಳದವರಿಗೆ ಅಂಕ ಕಡಿಮೆ ಮಾಡಿ, ಮೇಲೆ ಎರಡು ಮಾತು ಬೈದೂ ಕಳಿಸುತ್ತಿದ್ದೆ. ಅಂಥ ನಾನು ಟ್ರಾಲಿಗೆ ಆ ಸುರುಳಿ ಹಾಕಿರಲಿಲ್ಲ. ಮರೆತೆ ಎಂದರೆ ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಮೇಲೆ ಹಾಕಿದರಾಯಿತು ಎಂದುಕೊಂಡಿದ್ದೆ. ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತಲ್ಲ. ಅದು ಅಷ್ಟು ದಿನ ಹಿಡಿದದ್ದು ನನ್ನ ಜಾಣತನದಿಂದಲ್ಲ, ಗುಲಾಬಿಯ ಹೆದರಿಕೆಯಿಂದ. ಅವಳು ಬ್ಯಾಟರಿ ತುಂಬಲು ಬಿಟ್ಟಿರಲಿಲ್ಲ. ಆ ಹೆದರಿಕೆಯನ್ನು ನಾನು ಹಪ್ಪಳ ಕರಿಯುತ್ತ ಒಂದು ಮಾತಿನಲ್ಲಿ ತೆಗೆದುಹಾಕಿದೆ.

ಮರುದಿನ ಬೆಳಿಗ್ಗೆ ಬೊಮ್ಮಯ್ಯನ ಫೋನು ಬಂತು. ದಿಣ್ಣೆ ಇಳಿಯುವಾಗ ಟ್ರಾಲಿ ಬಿದ್ದಿತ್ತು. ನಾನು ಆಸ್ಪತ್ರೆಗೆ ಹೋದಾಗ ಗುಲಾಬಿಯನ್ನು ಒಳಗೆ ಕರೆದೊಯ್ದಿದ್ದರು. ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೊಣಕೈ ತರಚಿ ಅಂಗಿಗೆ ಅಂಟಿಕೊಂಡಿತ್ತು.

"ಹಿಡಿಕೆ ಒತ್ತಿದೆ ಅಕ್ಕೋರೆ, ಏನೂ ಹಿಡೀಲಿಲ್ಲ. ಗಾಳಿ ಹಿಡ್ಕಂಡಂಗೆ ಆಯ್ತು. ಸೈಕಲ್ ಬ್ರೇಕ್ ಒತ್ತಿದೆ, ಅದ್ರ ರಬ್ಬರ್ ಸವೆದುಹೋಗಿತ್ತು, ನಿಮ್ಮ ಬ್ರೇಕ್ ಇದ್ಮೇಲೆ ಅದನ್ನ ನೋಡೂದೇ ಬಿಟ್ಟಿದ್ದೆ. ತಿರುವಿನಲ್ಲಿ ಟ್ರಾಲಿ ಅಡ್ಡ ಬಂತು. ಅವ್ಳು ಕೈ ಊರಿದ್ಲು." ಗಾಯಕ್ಕೆ ಅಂಟಿದ ಅಂಗಿ ಬಿಡಿಸಿಕೊಳ್ಳುತ್ತ ಮತ್ತೆ ಅಂದ: "ನೀವು ಹೇಳ್ದಂಗೇ ಇಟ್ಟಿದ್ದೆ. ಎದ್ದು ನೋಡ್ದಾಗ ಹಸಿರು ದೀಪ ಬಂದಿತ್ತು."

ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಹಸಿರು ದೀಪ ಎಂಬ ಎರಡು ಪದ ಕಿವಿಗೆ ಬಿದ್ದ ಕೂಡಲೇ ಪೂರ್ತಿ ಗೊತ್ತಾಯಿತು. ನನ್ನ ಪ್ರಶ್ನೆಯನ್ನು ನಾನೇ ಎದುರಿಗೆ ಕೂತು ಕೇಳಿಕೊಂಡ ಹಾಗಿತ್ತು. ಬೊಮ್ಮಯ್ಯ ನನ್ನ ಮುಖ ನೋಡಿದ. "ಎಂತಕ್ಕೆ ಹಂಗಾಯ್ತು ಅಕ್ಕೋರೆ?"

"ವೈರಿಗೆ ಉಪ್ಪು ಹಿಡಿದಿರಬೇಕು" ಎಂದೆ.

ಈ ಮಾತನ್ನು ನನ್ನ ನಾಲಿಗೆ ಹೇಗೆ ಆಡಿತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಯೋಚಿಸಿ ಕಟ್ಟಿದ ಸುಳ್ಳಲ್ಲ ಅದು. ಬಿಸಿ ಪಾತ್ರೆ ತಾಗಿದಾಗ ಕೈ ತಾನೇ ಹಿಂದಕ್ಕೆ ಬರುತ್ತದಲ್ಲ, ಅಷ್ಟು ಬೇಗ ಬಂತು. ಆದರೆ ಅದರ ಪರಿಣಾಮ ನನ್ನ ಕಣ್ಣೆದುರಿಗೇ ಆಯಿತು. ಬೊಮ್ಮಯ್ಯ ತಲೆ ತಗ್ಗಿಸಿದ.

"ನೀವು ಒರೆಸು ಅಂದಿದ್ರಿ. ನಾನು ನಾಕು ದಿವ್ಸದಿಂದ ಒರೆಸಿರ್ಲಿಲ್ಲ" ಎಂದ.

ನಾನು ಅಲ್ಲಿಯೇ, ಆಗಲೇ, ಇಲ್ಲ ಬೊಮ್ಮಯ್ಯ ಎನ್ನಬಹುದಿತ್ತು. ಒಳಗಿನಿಂದ ಯಾರೋ ಅವನನ್ನು ಕರೆದರು, ಅವನು ಎದ್ದು ಹೋದ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಗುಲಾಬಿಯ ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದರು. ನಾನು ಟ್ರಾಲಿಯನ್ನು ರಿಪೇರಿಗೆಂದು ನಮ್ಮ ಮನೆಗೆ ತರಿಸಿಕೊಂಡೆ. ವಾರಕ್ಕೆ ಎರಡು ಸಲ ದಿಣ್ಣೆಗೆ ಹೋಗಿ ಬರುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಗಂಜಿಗೆ ಉಪ್ಪಿನಕಾಯಿ ಒಯ್ಯುತ್ತಿದ್ದೆ, ಒಯ್ಯಬೇಕಾದ ಒಂದನ್ನು ಬಿಟ್ಟು ಎಲ್ಲವನ್ನೂ ಒಯ್ಯುತ್ತಿದ್ದೆ. ನಾನು ಹೋದರೆ ಗುಲಾಬಿ ಕುರ್ಚಿ ಹಾಕಿಸುವಳು, ಆಮೇಲೆ ನನ್ನ ಎದುರಿಗೇ ಗಂಡನನ್ನು ಬೈಯುವಳು.

"ಅಕ್ಕೋರು ಅಷ್ಟು ಕಷ್ಟಪಟ್ಟು ಮಾಡ್ಕೊಟ್ರು. ಒಂದು ಬಟ್ಟೆ ತಕಂಡು ಒರೆಸೂಕೆ ಆಗ್ಲಿಲ್ಲ ಇವ್ರಿಗೆ. ರಬ್ಬರ್ ನೋಡೂಕೆ ಆಗ್ಲಿಲ್ಲ. ನಾ ಹಿಂದೆ ಕೂತವ್ಳು, ಮುಂದಿದ್ದವ್ರ ಕಣ್ಣು ಎಲ್ಲಿತ್ತು ಕೇಳಿ."

ಬೊಮ್ಮಯ್ಯ ಬಾಗಿಲ ಪಕ್ಕ ಕೂತು ಬಲೆಯ ಹರಿದ ಜಾಗ ಹೊಲಿಯುತ್ತಿರುತ್ತಿದ್ದ. ಒಂದು ದಿನವೂ ಎದುರು ಮಾತಾಡಲಿಲ್ಲ. ಅಡುಗೆ ಅವನದೇ, ಪಾತ್ರೆ ಅವನದೇ, ಅವಳ ತಲೆ ಬಾಚುವುದೂ ಅವನೇ. ಒಮ್ಮೆ ನಾನು ಹೋದಾಗ ಅವಳ ಜಡೆ ಹೆಣೆಯುತ್ತಿದ್ದ. ಬಲೆಯ ಗಂಟು ಬಲ್ಲ ಬೆರಳು, ಜಡೆ ಬಿಗಿಯಾಗಿ ಬಂದು ಅವಳಿಗೆ ನೋವಾಗಿ ಅದಕ್ಕೂ ಬೈಗುಳ ತಿಂದ. ಮುಂದಿನ ಸಲ ಇನ್ನೂ ಸಡಿಲ ಹೆಣೆದು ಬಿಚ್ಚಿಹೋಗಿ, ಮತ್ತೆ ಬೈಗುಳ ತಿಂದ. ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿದೆ. ಮುಖದಲ್ಲಿ ಏನು ಭಾವ ಇಟ್ಟುಕೊಂಡಿದ್ದೆನೋ ದೇವರೇ ಬಲ್ಲ.

ಪ್ಲಾಸ್ಟರು ಬಿಚ್ಚಿದ ಮೇಲೆ ಕೈ ನೇರವಾಗಲಿಲ್ಲ. ಲೋಟ ಹಿಡಿಯಬಲ್ಲಳು, ಹಿಂಡಲಾರಳು. ನಾನು ಹೋದ ದಿನ ಅವಳು ನಾಲ್ಕು ತಾರ್ಲೆ ಮೀನು ಇಟ್ಟುಕೊಂಡು ಕತ್ತಿಯ ಮಣೆಯ ಮುಂದೆ ಕೂತಿದ್ದಳು. ಬಲಗೈ ತಿರುಗಬೇಕಾದಲ್ಲಿ ತಿರುಗಲಿಲ್ಲ. ಮೀನು ಜಾರಿ ನೆಲಕ್ಕೆ ಬಿತ್ತು. ಎಡಗೈಯಲ್ಲಿ ಎತ್ತಿ ಮತ್ತೆ ಹಿಡಿದಳು, ಮತ್ತೆ ಬಿತ್ತು. ನನ್ನನ್ನು ನೋಡಿ ನಕ್ಕಳು.

"ನೀವು ಹೆಚ್ಚಿದಂಗೆ ಆಯ್ತು ನೋಡಿ ಅಕ್ಕೋರೆ."

ಆವತ್ತು ಮನೆಗೆ ಬಂದು ಟ್ರಾಲಿಯ ಕೆಲಸಕ್ಕೆ ಕೂತೆ. ಹಳೆಯ ಕರೆಂಟು ಒಲೆಯ ಸುರುಳಿಯನ್ನು ಬಿಚ್ಚಿ, ತಗಡಿನ ಗೂಡು ಮಾಡಿ ಹಲಗೆಯ ಅಡಿಗೆ ಕಟ್ಟಿದೆ. ಬ್ಯಾಟರಿ ಬಾಗಿಲು ಹಾಕಿದರೂ ಕರೆಂಟು ಈ ಸುರುಳಿಗೆ ಹೋಗಿ ಬಿಸಿಯಾಗಿ ಕಳೆದುಹೋಗುತ್ತದೆ, ಬ್ರೇಕು ಬಿಡುವುದಿಲ್ಲ. ಇಡೀ ಕೆಲಸಕ್ಕೆ ಒಂದೂವರೆ ದಿನ ಹಿಡಿಯಿತು. ಇದರ ಜೊತೆಗೆ, ಬೊಮ್ಮಯ್ಯ ಮೊದಲೇ ಹೇಳಿದ್ದ ತಂತಿಯ ಬ್ರೇಕನ್ನೂ ಹಾಕಿಸಿದೆ. ಅದನ್ನು ಸೈಕಲ್ ಅಂಗಡಿಯವನು ನಾನು ಅಲ್ಲಿ ನಿಂತಿದ್ದ ಹಾಗೆಯೇ ಮುಗಿಸಿಕೊಟ್ಟ.

ಬ್ಯಾಟರಿಯನ್ನು ಹಸಿರು ದೀಪ ಬರುವವರೆಗೆ ತುಂಬಿಸಿ, ಟ್ರಾಲಿಯನ್ನು ಒಂದು ಟೆಂಪೋದಲ್ಲಿ ಹೇರಿಸಿಕೊಂಡು ದಿಣ್ಣೆಗೆ ಹೋದೆ. ಬೊಮ್ಮಯ್ಯ ಸೈಕಲ್ಲಿಗೆ ಕಟ್ಟಿದ. ಗುಲಾಬಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಮರಳಿನ ಚೀಲ ಎಲ್ಲಿ ಎಂದು ನಾನು ಹುಡುಕುತ್ತಿದ್ದಾಗ ಅವಳು ಅಂದಳು:

"ಚೀಲ ಎಂತಕ್ಕೆ? ನೀವೇ ಕೂತ್ಕಣ್ಣಿ ಅಕ್ಕೋರೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಹೇಳಿದಳು. ಅಷ್ಟು ತಿಂಗಳಲ್ಲಿ ನಾನು ಆ ಹಲಗೆಯ ಮೇಲೆ ಒಮ್ಮೆಯೂ ಕೂತಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಕೂತೆ. ಹಿಮ್ಮುಖವಾಗಿ, ಅವಳು ಕೂರುತ್ತಿದ್ದ ಹಾಗೆ. ಟ್ರಾಲಿ ಹೊರಟಿತು. ಮುಂದೆ ಏನಿದೆ ಎಂದು ಕಾಣುವುದಿಲ್ಲ. ದಾಟಿ ಬಂದ ರಸ್ತೆ ಮಾತ್ರ ಕಾಣುತ್ತದೆ, ಅದೂ ಮೇಲೆ ಮೇಲೆ ಏರುತ್ತ ದೂರ ಹೋಗುತ್ತದೆ. ಹಿಡಿಕೆ ಇನ್ನೊಬ್ಬರ ಕೈಯಲ್ಲಿದೆ, ಅವರು ಒತ್ತಿದರೋ ಇಲ್ಲವೋ, ಒತ್ತಿದ್ದು ಹಿಡಿಯಿತೋ ಇಲ್ಲವೋ, ಬೆನ್ನಿಗೆ ತಾಗಿದ ಮೇಲೆಯೇ ಗೊತ್ತಾಗಬೇಕು. ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದುಕೊಂಡೆ. ತಿರುವು ಬರುವ ಮೊದಲು ಬೊಮ್ಮಯ್ಯ ಒತ್ತಿದ. ಚಕ್ರಗಳು ಗುಂಯ್ ಎಂದು ಭಾರವಾದವು, ವೇಗ ತಗ್ಗಿತು, ಹಲಗೆಯ ಅಡಿಯಿಂದ ಬಿಸಿಯ ವಾಸನೆ ಬಂತು. ಕೆಳಗೆ ಸಮತಟ್ಟಿಗೆ ಬಂದು ನಿಂತೆವು.

"ಹಿಡೀತು ಅಕ್ಕೋರೆ" ಎಂದು ಅವನು ಹಗುರಾಗಿ ಉಸಿರು ಬಿಟ್ಟ. "ಈಗ ದಿನಾ ಒರೆಸ್ತೆ. ಮರೆಯೂದಿಲ್ಲ."

ನಾನು ಇಳಿಯದೆ ಅಲ್ಲಿಯೇ ಕೂತು ಹೇಳಿದೆ. ಮುಖ ಅವನ ಕಡೆಗಿರಲಿಲ್ಲ, ಅದೇ ಅನುಕೂಲವಾಯಿತೇನೋ. ಉಪ್ಪಲ್ಲ ಬೊಮ್ಮಯ್ಯ, ಬ್ಯಾಟರಿ ತುಂಬಿದ್ದರಿಂದ ಹಾಗಾಯಿತು, ತುಂಬಿಸು ಎಂದವಳು ನಾನು, ಹಾಕಬೇಕಾದ್ದನ್ನು ಹಾಕದೆ ಬಿಟ್ಟವಳೂ ನಾನು, ಆಸ್ಪತ್ರೆಯಲ್ಲಿಯೇ ನನಗೆ ಗೊತ್ತಿತ್ತು. ಇಷ್ಟೇ. ಎರಡು ತಿಂಗಳು ಹೊಟ್ಟೆಯಲ್ಲಿ ಹೊತ್ತು ತಿರುಗಿದ ಮಾತು ಹೇಳಿ ಮುಗಿಸಲು ಅರ್ಧ ನಿಮಿಷ ಸಾಕಾಯಿತು.

ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ನನ್ನ ಎದುರಿಗೆ ಬಂದು ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈಯಲೆಂದು ಕಾದೆ.

"ಅಂದ್ರೆ ನಾ ಒರೆಸಿದ್ರೂ ಅದು ಹಂಗೇ ಆಗ್ತಿತ್ತಾ?"

"ಆಗ್ತಿತ್ತು."

"ಒರೆಸಿದ್ರೂ?"

"ಒರೆಸಿದ್ರೂ."

ಅವನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡದ್ದು ಬೆವರನ್ನೇ ಎಂದು ನಂಬಲು ಪ್ರಯತ್ನಪಟ್ಟೆ. ಆಮೇಲೆ ಅಂದ:

"ಇದನ್ನ ಅವಳ ಎದುರಿಗೆ ಇನ್ನೊಂದ್ಸಲ ಹೇಳಿ ಅಕ್ಕೋರೆ. ನಾ ಹೇಳಿದ್ರೆ ತಪ್ಪಿಸ್ಕಣೂಕೆ ಹೇಳ್ತ್ರು ಅಂತಾಳೆ."

ಮೇಲೆ ಹತ್ತಿ ಬಂದು ಅವಳ ಎದುರಿಗೆ ಹೇಳಿದೆ. ಈ ಸಲ ಮುಖ ನೋಡಿಕೊಂಡು ಹೇಳಬೇಕಾಯಿತು. ಗುಲಾಬಿ ಮೆಟ್ಟಿಲ ಮೇಲೆ ಕೂತು ಕೇಳಿದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಕೇಳಿದ ಮೇಲೆ ನನ್ನ ಕಡೆ ನೋಡಲಿಲ್ಲ, ಕೈಯ ಕಡೆಯೂ ನೋಡಲಿಲ್ಲ. ಗಂಡನ ಕಡೆ ನೋಡಿದಳು.

"ಎರಡು ತಿಂಗಳು ಬೈದೆನಲ್ರೀ ನಿಮ್ಗೆ" ಎಂದಳು. "ಒಂದ್ಸಲಾರೂ ತಿರುಗಿ ಮಾತಾಡ್ಲಿಲ್ಲ ನೀವು."

"ನಂದೇ ತಪ್ಪು ಅಂತ ಮಾಡಿದ್ದೆ" ಎಂದ ಬೊಮ್ಮಯ್ಯ.

ಆಗ ಅವಳು ನನ್ನ ಕಡೆ ತಿರುಗಿದಳು. "ಕೈ ಮುರಿದದ್ದು ಇರ್ಲಿ ಅಕ್ಕೋರೆ. ಅದು ಯಾರಿಗೂ ಆಗ್ತದೆ. ನಾ ಬೈದದ್ದನ್ನೆಲ್ಲ ನೀವು ಇಲ್ಲೇ ಕುರ್ಚಿ ಮೇಲೆ ಕೂತು ಕೇಳಿದ್ರಲ್ಲ. ಅದನ್ನೆಲ್ಲ ನಾ ಈಗ ಎಲ್ಲಿಡೂದು?"

ಗುಲಾಬಿ ಆಮೇಲೆ ಟ್ರಾಲಿ ಹತ್ತಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೊಮ್ಮಯ್ಯ ಒಬ್ಬನೇ ಮೀನು ತೆಗೆದುಕೊಂಡು ಅಂಕೋಲೆಗೆ ಬರುತ್ತಾನೆ. ಕೂಗಲು ಅವನಿಗೆ ನಾಚಿಕೆ, ಗಂಟೆ ಬಾರಿಸುತ್ತಾನೆ. ಹೆಚ್ಚಿ ಕೊಡಲು ಬರುವುದಿಲ್ಲವಾದ್ದರಿಂದ ಕೆಲವು ಮನೆಗಳು ತಪ್ಪಿಹೋಗಿವೆ. ಅವಳು ಮನೆಯ ಮುಂದೆ ಕೂತು ಬಂದವರಿಗೆ ಎಡಗೈಯಲ್ಲಿ ತೂಗಿ ಕೊಡುತ್ತಾಳೆ. ನನಗೆ ಯಾವ ಮೀನು ಒಳ್ಳೆಯದು ಎಂದು ಬೈದು ಹೇಳುವವರು ಈಗ ಯಾರೂ ಇಲ್ಲ.

ಆವತ್ತು ನಾನು ಹೊರಟಾಗ ಗುಲಾಬಿ ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಇಳಿಜಾರಿನಲ್ಲಿ ಒಬ್ಬಳೇ ನಡೆಯತೊಡಗಿದೆ. ಅರ್ಧ ದಾರಿಗೆ ಬರುವಾಗ ಹಿಂದಿನಿಂದ ಬೊಮ್ಮಯ್ಯ ಸೈಕಲ್ಲು ತಳ್ಳಿಕೊಂಡು ಬಂದ. ಟ್ರಾಲಿ ಖಾಲಿಯಾಗಿ ಹಿಂದೆ ಬರುತ್ತಿತ್ತು.

"ಕೂತ್ಕಣ್ಣಿ, ಬಸ್‌ಸ್ಟಾಪಿಗೆ ಬಿಡ್ತೆ. ಅವ್ಳೇ ಕಳ್ಸಿದ್ಲು."

"ಬೇಡ ಬೊಮ್ಮಯ್ಯ. ನಡೆದ್ಕೊಂಡೇ ಹೋಗ್ತೇನೆ."

ಅವನು ಒತ್ತಾಯ ಮಾಡಲಿಲ್ಲ, ವಾಪಸೂ ಹೋಗಲಿಲ್ಲ. ನನ್ನ ಪಕ್ಕ ಸೈಕಲ್ಲು ತಳ್ಳುತ್ತ ಕೆಳಗಿನವರೆಗೆ ನಡೆದ. ಬಸ್ಸು ದೂರದಲ್ಲಿ ಕಂಡಾಗ ಅವನು ಕೇಳಿದ:

"ಹಂಗಾರೆ ಚಾರ್ಜಿಗೆ ಎಷ್ಟು ಹೊತ್ತು ಇಡ್ಲಿ ಅಕ್ಕೋರೆ?"

ಅಷ್ಟೆಲ್ಲ ಆದ ಮೇಲೂ ಅವನು ನನ್ನನ್ನೇ ಕೇಳಿದ. ನಾನು ಏನು ಹೇಳಿದರೂ ಹಾಗೆಯೇ ಮಾಡುವ ಮುಖ ಹೊತ್ತು ನಿಂತಿದ್ದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿಯೇ ಇತ್ತು. ಬಾಯಿ ತೆರೆದವಳು ಮುಚ್ಚಿದೆ.

"ಇವತ್ತು ಏನೂ ಮಾಡಬೇಡ. ನಾಳೆ ಬೆಳಿಗ್ಗೆ ನಾನು ಬಂದು, ನಾನೇ ಕೂತು ನಾಲ್ಕು ಸಲ ಇಳಿದು ನೋಡ್ತೇನೆ. ಆಮೇಲೆ ಹೇಳ್ತೇನೆ" ಎಂದೆ.

ಬೊಮ್ಮಯ್ಯ ಹೂಂ ಎಂದ. ಬಸ್ಸು ಬಂದು ನಿಂತಿತು.